ಎಕ್ಸ್‌ಕ್ಲೂಸಿವ್ ಗೇಮ್, ಆಟಗಾರರ ನಿಷ್ಠೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ, ಮಣಿಪಾಲದ ಕಡೆ ಗೇಮ್ ಆಡುವವರು ಸಿಕ್ಕಾಗಲೆಲ್ಲ ಮಾತು ಇಲ್ಲಿಗೇ ಬರುತ್ತದೆ. ಈ ಗೇಮ್ ಅದರಲ್ಲಿ ಮಾತ್ರ ಯಾಕೆ? ಯಾವ ಕನ್ಸೋಲ್ (ಗೇಮ್ ಆಡಲೆಂದೇ ಇರುವ ಯಂತ್ರ) ತೆಗೆದುಕೊಳ್ಳುವುದು? ಈ ಕಂಪನಿಗಳನ್ನು ನಂಬಬಹುದಾ? ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದವು ಮೊದಲು, ಆಳದವು ಆಮೇಲೆ. ಎಲ್ಲವನ್ನೂ ಓದಲೇಬೇಕೆಂದಿಲ್ಲ, ನಿಮ್ಮ ಪ್ರಶ್ನೆ ಇರುವಲ್ಲಿಗೆ ನೇರ ಹೋಗಿ.

## ಮೊದಲಿನಿಂದ

ಎಕ್ಸ್‌ಕ್ಲೂಸಿವ್ ಗೇಮ್ ಅಂದ್ರೆ ಎಂತ? ಎಲ್ಲ ಗೇಮ್ ಎಲ್ಲದರಲ್ಲೂ ಬರುವುದಿಲ್ವಾ?

ಇಲ್ಲ. ಒಂದು ಕನ್ಸೋಲಿನಲ್ಲಿ ಅಥವಾ ಒಂದು ಆನ್‌ಲೈನ್ ಅಂಗಡಿಯಲ್ಲಿ ಮಾತ್ರ ಸಿಗುವ ಗೇಮ್‌ಗೆ ಎಕ್ಸ್‌ಕ್ಲೂಸಿವ್ ಅನ್ನುತ್ತಾರೆ. 'ಮಾರಿಯೋ ಕಾರ್ಟ್ ವರ್ಲ್ಡ್' ಆಡಬೇಕಿದ್ದರೆ ನಿಂಟೆಂಡೊ ಸ್ವಿಚ್ 2 ಬೇಕು, ಬೇರೆ ದಾರಿ ಇಲ್ಲ. ಅದು ಕಂಪನಿ ತಾನೇ ಮಾಡಿದ, ತನ್ನಲ್ಲೇ ಇಟ್ಟುಕೊಂಡ ಗೇಮ್.

ಇನ್ನು ಕೆಲವು ಗೇಮ್‌ಗಳಿಗೆ ಅವಧಿ ಇರುತ್ತದೆ. 'ರೈಸ್ ಆಫ್ ದಿ ಟೂಂಬ್ ರೇಡರ್' 2015ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್‌ಗೆ ಬಂತು. ಸೋನಿಯ ಪ್ಲೇಸ್ಟೇಷನ್ 4ಕ್ಕೆ ಬರಲು 2016ರ ಅಕ್ಟೋಬರ್ ಆಯಿತು. ಹಾಗಾಗಿ 'ಎಕ್ಸ್‌ಕ್ಲೂಸಿವ್' ಎಂದು ಓದಿದ ಕೂಡಲೇ ಬೇಸರ ಮಾಡಿಕೊಳ್ಳಬೇಡಿ. ಶಾಶ್ವತವಾ, ಸ್ವಲ್ಪ ಕಾಲಕ್ಕಾ ಎಂದು ಮೊದಲು ನೋಡಿ.

ಹೆಚ್ಚು ಕಡೆ ಸಿಕ್ಕಿದ್ರೆ ಜಾಸ್ತಿ ಮಾರಾಟ ಆಗ್ತದಲ್ವಾ? ಹಾಗಿದ್ರೆ ಬಾಗಿಲು ಹಾಕುವುದು ಯಾಕೆ?

ಆ ಒಂದು ಗೇಮ್‌ನ ಲೆಕ್ಕ ಮಾತ್ರ ನೋಡಿದರೆ ನಿಮ್ಮ ಮಾತು ಸರಿ. ಆದರೆ ಕನ್ಸೋಲ್ ಕಂಪನಿಯ ಲೆಕ್ಕ ಬೇರೆ. ತನ್ನ ಅಂಗಡಿಯಲ್ಲಿ ಬೇರೆಯವರು ಮಾರುವ ಪ್ರತಿ ಗೇಮ್‌ನಿಂದಲೂ ಅದು ಸಾಮಾನ್ಯವಾಗಿ 30 ಶೇಕಡಾ ಪಾಲು ತೆಗೆದುಕೊಳ್ಳುತ್ತದೆ. 4,999 ರೂಪಾಯಿಯ ಗೇಮ್ ಒಂದರಿಂದ ಸುಮಾರು ಸಾವಿರದ ಐನೂರು ರೂಪಾಯಿ ಎಂದಾಯಿತು. ನೀವು ಒಮ್ಮೆ ಆ ಕನ್ಸೋಲ್ ಮನೆಗೆ ತಂದರೆ ಮುಂದೆ ಐದಾರು ವರ್ಷ ಏನು ಕೊಂಡರೂ ಅದಕ್ಕೆ ಪಾಲು ಸಿಗುತ್ತದೆ. ಆನ್‌ಲೈನ್ ಆಡಲು ತಿಂಗಳ ಚಂದಾ ಬೇರೆ. ಎಕ್ಸ್‌ಕ್ಲೂಸಿವ್ ಗೇಮ್‌ನ ಕೆಲಸ ನಿಮ್ಮನ್ನು ಒಳಗೆ ಕರೆಯುವುದು. ಲಾಭ ಆಮೇಲೆ ಬರುತ್ತದೆ.

2001ರ ನವೆಂಬರ್‌ನಲ್ಲಿ ಮೊದಲ ಎಕ್ಸ್‌ಬಾಕ್ಸ್ ಬಂದಾಗ ಆದದ್ದು ಇದೇ. ಮೈಕ್ರೋಸಾಫ್ಟ್‌ಗೆ ಕನ್ಸೋಲ್ ಲೋಕದಲ್ಲಿ ಹೆಸರೇ ಇರಲಿಲ್ಲ. ಹಿಂದಿನ ವರ್ಷವೇ ಅದು ಬಂಜಿ ಎಂಬ ಕಂಪನಿಯನ್ನು ಕೊಂಡಿತ್ತು. ಬಂಜಿಯ 'ಹೇಲೋ' ಎಕ್ಸ್‌ಬಾಕ್ಸ್ ಜೊತೆಗೇ ಬಂತು. ಜನ ಆ ಪೆಟ್ಟಿಗೆಯ ಕಡೆ ತಿರುಗಿ ನೋಡಲು ಅದೇ ದೊಡ್ಡ ಕಾರಣವಾಯಿತು.

## ಕೊಳ್ಳುವ ಮೊದಲು

ಅಣ್ಣ ದುಬೈಯಲ್ಲಿದ್ದಾರೆ. ರಜೆಗೆ ಬರುವಾಗ ಕನ್ಸೋಲ್ ತರ್ತೇನೆ ಹೇಳಿದ್ದಾರೆ. ಯಾವುದು ಹೇಳ್ಲಿ?

ನಮ್ಮ ಕರಾವಳಿಯಲ್ಲಿ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಮೊದಲು ನಿಮ್ಮ ಗೆಳೆಯರಲ್ಲಿ ಏನಿದೆ ಎಂದು ಕೇಳಿ. ನಾಲ್ಕು ಜನರ ಬಳಿ ಪ್ಲೇಸ್ಟೇಷನ್ ಇದ್ದರೆ ಡಿಸ್ಕ್ ಅದಲು ಬದಲು ಮಾಡಿಕೊಳ್ಳಬಹುದು, ಒಟ್ಟಿಗೆ ಆಡಬಹುದು. ಆಮೇಲೆ ನೀವು ನಿಜವಾಗಿ ಆಡುವ ಮೂರು ಗೇಮ್‌ಗಳ ಹೆಸರು ಬರೆಯಿರಿ. ಮೂರೂ ಎಲ್ಲ ಕಡೆ ಸಿಗುವುದಾದರೆ ಎಕ್ಸ್‌ಕ್ಲೂಸಿವ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ನಿಂಟೆಂಡೊ ಸ್ವಿಚ್ ಭಾರತದಲ್ಲಿ ಅಧಿಕೃತವಾಗಿ ಮಾರಾಟಕ್ಕೆ ಬಂದದ್ದಲ್ಲ. ಇಲ್ಲಿ ಸಿಗುವುದೆಲ್ಲ ಹೊರಗಿನಿಂದ ಬಂದದ್ದು. ಕೆಟ್ಟರೆ ಇಲ್ಲಿ ವಾರಂಟಿ ಇಲ್ಲ. ಆದರೆ ಮಾರಿಯೋ, ಜೆಲ್ಡಾ, ಪೋಕೆಮಾನ್ ಬೇಕೇ ಬೇಕು ಎನ್ನುವವರಿಗೆ ಗಲ್ಫ್‌ನಿಂದ ತರಿಸುವುದು ಒಳ್ಳೆಯ ದಾರಿ.

ಪ್ಲೇಸ್ಟೇಷನ್ 5 ಆದರೆ ಡಿಸ್ಕ್ ಹಾಕುವಂಥದ್ದನ್ನೇ ಹೇಳಿ. ಆಡಿ ಮುಗಿಸಿದ ಡಿಸ್ಕನ್ನು ಮಾರಬಹುದು, ಡಿಜಿಟಲ್ ಗೇಮ್ ಮಾರಲು ಆಗುವುದಿಲ್ಲ. ಅಲ್ಲಿಯ ಡಿಸ್ಕ್ ಇಲ್ಲಿಯ ಯಂತ್ರದಲ್ಲಿ ಓಡುತ್ತದೆ. ಆದರೆ ಆ ಗೇಮ್‌ಗೆ ಆಮೇಲೆ ಕೊಳ್ಳುವ ಹೆಚ್ಚುವರಿ ಭಾಗಗಳು ಡಿಸ್ಕ್ ಯಾವ ದೇಶದ್ದೋ ಅದೇ ಕಡೆಯ ಅಕೌಂಟ್‌ನವು ಆಗಿರಬೇಕು. ಪ್ಲಗ್ ಕೂಡ ಬೇರೆ ಆಕಾರದ್ದು, ಅಡಾಪ್ಟರ್ ಬೇಕಾಗುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋಗುತ್ತಾ ಬರುತ್ತಾ ಇರುವ ಮನೆಯಾದರೆ ಒಂದು ಯುಪಿಎಸ್‌ಗೂ ದುಡ್ಡು ತೆಗೆದಿಡಿ. ಗೇಮ್ ಇನ್‌ಸ್ಟಾಲ್ ಆಗುವಾಗ ಕರೆಂಟ್ ಹೋಗುವುದು ಯಾವ ಕನ್ಸೋಲಿಗೂ ಒಳ್ಳೆಯದಲ್ಲ.

ನಮ್ಮ ಮಗ, ಅವನ ಫ್ರೆಂಡ್ಸ್ ಎಲ್ಲ ಬಿಜಿಎಂಐ ಎಂಬ ಮೊಬೈಲ್ ಗೇಮ್ ಒಂದನ್ನೇ ಆಡ್ತಾರೆ. ಬೇರೆ ಫ್ರೀ ಗೇಮ್ ಎಷ್ಟೋ ಉಂಟು, ಮುಟ್ಟುವುದೂ ಇಲ್ಲ. ಯಾಕೆ ಹೀಗೆ?

ಯಾಕೆಂದರೆ ಅವನ ಗೆಳೆಯರು ಅಲ್ಲಿದ್ದಾರೆ. ಶಾಲೆ ಬಿಟ್ಟ ಮೇಲೆ ಒಬ್ಬ ಕುಂದಾಪುರದಲ್ಲಿ, ಇನ್ನೊಬ್ಬ ಪುತ್ತೂರಿನಲ್ಲಿ, ಸ್ಕ್ವಾಡ್ ಸೇರುವುದು ಮಾತ್ರ ಆ ಗೇಮ್‌ನಲ್ಲಿ. ಅದರ ಜೊತೆ ವರ್ಷಗಟ್ಟಲೆ ಆಡಿ ಏರಿಸಿದ ರ್‍ಯಾಂಕ್, ಯುಸಿ (ಆ ಗೇಮ್‌ನೊಳಗಿನ ದುಡ್ಡು) ಕೊಟ್ಟು ತೆಗೆದುಕೊಂಡ ಸ್ಕಿನ್‌ಗಳು, ಅಂದರೆ ಪಾತ್ರದ, ಆಯುಧದ ಹೊಸ ವೇಷಗಳು. ಬೇರೆ ಗೇಮ್‌ಗೆ ಹೋದರೆ ಎಲ್ಲ ಸೊನ್ನೆಯಿಂದ.

ಈ ಕಟ್ಟು ಎಷ್ಟು ಗಟ್ಟಿ ಎಂದು ಇಡೀ ದೇಶವೇ ನೋಡಿದೆ. ಪಬ್‌ಜಿ ಮೊಬೈಲ್ 2020ರ ಸೆಪ್ಟೆಂಬರ್‌ನಲ್ಲಿ ನಿಷೇಧವಾಯಿತು. ಸುಮಾರು ಹತ್ತು ತಿಂಗಳ ನಂತರ, 2021ರ ಜುಲೈನಲ್ಲಿ ಕ್ರಾಫ್ಟನ್ ಕಂಪನಿ ಬಿಜಿಎಂಐ ತಂದಿತು. ಹಳೆಯ ಅಕೌಂಟಿನ ಸಾಮಾನುಗಳನ್ನು ಹೊಸದಕ್ಕೆ ಸಾಗಿಸಲು ಬಿಟ್ಟಿತು. ಅದು ಬಹಳ ಜಾಣತನದ ಹೆಜ್ಜೆ. ಆಟಗಾರರ ಶ್ರಮವನ್ನು ಅದು ಅಳಿಸಲಿಲ್ಲ. 2022ರ ಜುಲೈನಲ್ಲಿ ಬಿಜಿಎಂಐ ಕೂಡ ಆ್ಯಪ್ ಅಂಗಡಿಗಳಿಂದ ಮಾಯವಾಯಿತು, 2023ರ ಮೇಯಲ್ಲಿ ಮರಳಿತು. ಜನ ಮತ್ತೆ ಬಂದರು. ಎರಡು ಸಲ ಬಾಗಿಲು ಮುಚ್ಚಿದರೂ ಆಟಗಾರರು ಉಳಿದ ಗೇಮ್‌ಗಳು ಬಹಳ ಇಲ್ಲ.

ಮಗನಿಗೆ 'ಅದನ್ನು ಬಿಡು' ಅನ್ನುವ ಮುಂಚೆ ಇದನ್ನು ಯೋಚಿಸಿ. ನೀವು ಬಿಡಿಸುತ್ತಿರುವುದು ಗೆಳೆಯರ ಜೊತೆಗಿನ ಹೊತ್ತನ್ನೂ ಹೌದು. ಹೊತ್ತು, ಖರ್ಚು ಎರಡಕ್ಕೂ ಮಿತಿ ಹಾಕಿ, ಅದು ಬೇಕು. ಪೂರ್ತಿ ಕಿತ್ತುಕೊಳ್ಳುವುದು ಬೇರೆ ಮಾತು.

## ಗೆದ್ದವು, ಸೋತವು

ಒಂದು ಗೇಮ್‌ಗೋಸ್ಕರ ಜನ ನಿಜವಾಗಿ ಕನ್ಸೋಲ್ ಕೊಳ್ತಾರಾ? ಇಲ್ಲ ಇದು ಸುಮ್ನೆ ಹೇಳುವ ಮಾತಾ?

ಕೊಳ್ಳುತ್ತಾರೆ. 2017ರ ಮಾರ್ಚ್ 3ರಂದು ನಿಂಟೆಂಡೊ ಸ್ವಿಚ್ ಬಂತು, ಅದೇ ದಿನ 'ಜೆಲ್ಡಾ: ಬ್ರೆತ್ ಆಫ್ ದಿ ವೈಲ್ಡ್' ಬಂತು. ಆ ತಿಂಗಳು ಅಮೆರಿಕದಲ್ಲಿ ಮಾರಾಟವಾದ ಸ್ವಿಚ್‌ಗಳಿಗಿಂತ ಸ್ವಿಚ್‌ಗಾಗಿನ ಜೆಲ್ಡಾ ಪ್ರತಿಗಳೇ ಹೆಚ್ಚು. ಕನ್ಸೋಲ್ ಕೊಂಡವರೆಲ್ಲ ಹೆಚ್ಚುಕಡಿಮೆ ಆ ಗೇಮ್‌ಗಾಗಿಯೇ ಕೊಂಡರು ಎಂದೇ ಅರ್ಥ.

ಆದರೆ ಇಲ್ಲಿಗೇ ನಿಲ್ಲಿಸಿದರೆ ಅರ್ಧ ಕಥೆ ಆಗುತ್ತದೆ. 'ಮಾರಿಯೋ ಕಾರ್ಟ್ 8' ನೋಡಿ. ಅದು 2014ರಲ್ಲಿ ನಿಂಟೆಂಡೊದ ಹಿಂದಿನ ಕನ್ಸೋಲ್ ವೀ ಯುನಲ್ಲಿ ಬಂತು. ಒಳ್ಳೆಯ ಗೇಮ್, ಎಕ್ಸ್‌ಕ್ಲೂಸಿವ್ ಕೂಡ. ಮಾರಾಟವಾದದ್ದು 80 ಲಕ್ಷ ಚಿಲ್ಲರೆ ಪ್ರತಿ. ಅದೇ ಗೇಮ್‌ಗೆ ಸ್ವಲ್ಪ ಸೇರಿಸಿ 2017ರಲ್ಲಿ ಸ್ವಿಚ್‌ಗೆ ತಂದರು. 6 ಕೋಟಿಗೂ ಹೆಚ್ಚು ಪ್ರತಿ ಹೋಯಿತು. ರಸ್ತೆ ಅದೇ, ಗಾಡಿ ಅದೇ, ಫಲ ಮಾತ್ರ ಬೇರೆ.

ವ್ಯತ್ಯಾಸ ಇದ್ದದ್ದು ಕನ್ಸೋಲಿನಲ್ಲಿ. ವೀ ಯು ಎಂದರೆ ಹಳೆಯ ವೀಗೆ ಹಾಕುವ ಒಂದು ಪರದೆ ಎಂದು ಎಷ್ಟೋ ಜನ ತಿಳಿದುಕೊಂಡಿದ್ದರು. ಬೇರೆ ಕಂಪನಿಗಳು ಅದಕ್ಕೆ ಗೇಮ್ ಮಾಡುವುದನ್ನು ಬೇಗ ಬಿಟ್ಟವು. ಒಟ್ಟು 1.35 ಕೋಟಿ ಯಂತ್ರ ಮಾರಿ ಅದು ನಿಂತಿತು. ಸ್ವಿಚ್ ಮನೆಯ ಟೀವಿಗೂ ಆಗುತ್ತದೆ, ಬಸ್ಸಿನಲ್ಲಿ ಕೈಯಲ್ಲಿ ಹಿಡಿದೂ ಆಡಬಹುದು. ಅದು 15 ಕೋಟಿ ದಾಟಿತು.

ಹಾಗಾಗಿ ನನ್ನ ಉತ್ತರ ಇಷ್ಟು. ಒಳ್ಳೆಯ ಎಕ್ಸ್‌ಕ್ಲೂಸಿವ್ ಗೇಮ್ ಒಳ್ಳೆಯ ಕನ್ಸೋಲನ್ನು ಓಡಿಸುತ್ತದೆ. ಯಾರಿಗೂ ಅರ್ಥವಾಗದ ಕನ್ಸೋಲನ್ನು ಅದೊಂದೇ ಎತ್ತಿ ನಿಲ್ಲಿಸಲಾರದು.

ದೊಡ್ಡ ಕಂಪನಿಯ ಎಕ್ಸ್‌ಕ್ಲೂಸಿವ್ ಆಗಿಯೂ ಮಕಾಡೆ ಬಿದ್ದ ಗೇಮ್ ಉಂಟಾ?

ಉಂಟು. ಸೋನಿಯ 'ಕಾಂಕಾರ್ಡ್' 2024ರ ಆಗಸ್ಟ್ 23ಕ್ಕೆ ಪ್ಲೇಸ್ಟೇಷನ್ 5 ಮತ್ತು ಪಿಸಿಗೆ ಬಂತು. ಸೆಪ್ಟೆಂಬರ್ 6ಕ್ಕೆ ಸರ್ವರ್ ಬಂದ್. ಕೊಂಡವರಿಗೆ ದುಡ್ಡು ವಾಪಸ್ ಕೊಟ್ಟರು, ಮಾಡಿದ ಸ್ಟುಡಿಯೋವನ್ನು ಅಕ್ಟೋಬರ್‌ನಲ್ಲಿ ಮುಚ್ಚಿದರು. ಅದೇ ಬಗೆಯ ಗೇಮ್‌ಗಳು ಫ್ರೀಯಾಗಿ ಸಿಗುತ್ತಿದ್ದಾಗ ಇದಕ್ಕೆ 40 ಡಾಲರ್ ಬೆಲೆ. ಆಟಗಾರರು ತಮ್ಮ ಹಳೆಯ ಗೇಮ್, ಹಳೆಯ ತಂಡ ಬಿಟ್ಟು ಬರಲು ಕಾರಣ ಬೇಕಲ್ವಾ? ಅದು ಸಿಗಲಿಲ್ಲ.

ಪಿಸಿಯಲ್ಲೂ ಈ ಜಗಳ ಉಂಟಾ? ನನ್ನದು ಬರೀ ಲ್ಯಾಪ್‌ಟಾಪ್.

ಉಂಟು, ಆದರೆ ನಿಮಗೆ ಖರ್ಚು ಕಡಿಮೆ. ಅಲ್ಲಿ ಜಗಳ ಅಂಗಡಿಗಳ ನಡುವೆ. 2018ರ ಡಿಸೆಂಬರ್‌ನಲ್ಲಿ ಎಪಿಕ್ ಎಂಬ ಗೇಮ್ ಕಂಪನಿ ತನ್ನ ಅಂಗಡಿ ತೆರೆದು ಗೇಮ್ ಮಾಡುವವರಿಂದ 12 ಶೇಕಡಾ ಮಾತ್ರ ಕೇಳಿತು. ಪಿಸಿ ಗೇಮ್‌ಗಳ ದೊಡ್ಡ ಆನ್‌ಲೈನ್ ಅಂಗಡಿ ಸ್ಟೀಮ್ ಕೇಳುತ್ತಿದ್ದದ್ದು 30. ಮಾಡುವವರಿಗೆ ಅದು ಒಳ್ಳೆಯದೇ. ಆದರೆ 'ಮೆಟ್ರೋ ಎಕ್ಸೋಡಸ್' ಬಿಡುಗಡೆಗೆ ಕೆಲವೇ ವಾರ ಇರುವಾಗ, ಸ್ಟೀಮ್‌ನಲ್ಲಿ ಮುಂಗಡ ಬುಕಿಂಗ್ ನಡೆಯುತ್ತಿರುವಾಗಲೇ, ಎಪಿಕ್‌ಗೆ ಹೋಯಿತು. ಆಟಗಾರರಿಗೆ ಸಿಟ್ಟು ಬಂತು. ಎಪಿಕ್ ವಾರವಾರ ಗೇಮ್‌ಗಳನ್ನು ಫ್ರೀಯಾಗಿ ಕೊಡುತ್ತದೆ, ಜನ ತೆಗೆದುಕೊಳ್ಳುತ್ತಾರೆ. ಆದರೂ ದುಡ್ಡು ಕೊಟ್ಟು ಕೊಳ್ಳುವಾಗ ಹೆಚ್ಚಿನವರು ಸ್ಟೀಮ್‌ಗೇ ಹೋಗುತ್ತಾರೆ. ಗೆಳೆಯರ ಪಟ್ಟಿ, ಹಳೆಯ ಗೇಮ್‌ಗಳು, ವಿಮರ್ಶೆಗಳು ಎಲ್ಲ ಅಲ್ಲೇ ಇವೆ.

## ನಿಷ್ಠೆಯ ಬಗ್ಗೆ

ನಾನು ಹತ್ತು ವರ್ಷದಿಂದ ಒಂದೇ ಕಂಪನಿಯ ಕನ್ಸೋಲ್. ಇದು ಅಭಿಮಾನವಾ, ಇಲ್ಲ ಸಿಕ್ಕಿಹಾಕಿಕೊಂಡದ್ದಾ?

ಎರಡೂ ಇರಬಹುದು. ಬೇರ್ಪಡಿಸಿ ನೋಡಲು ಒಂದು ಪ್ರಶ್ನೆ ಸಾಕು: ನೀವು ಕೊಂಡ ಗೇಮ್‌ಗಳೆಲ್ಲ ನಾಳೆ ಬೇರೆ ಕನ್ಸೋಲಿಗೆ ಹಾಗೆಯೇ ಬರುವುದಾದರೆ ನೀವು ಹೋಗುತ್ತೀರಾ? 'ಹೋಗ್ತೇನೆ' ಎಂದಾದರೆ ನಿಮ್ಮನ್ನು ಹಿಡಿದಿಟ್ಟಿರುವುದು ಕೊಂಡ ಗೇಮ್‌ಗಳ ರಾಶಿ. 'ಇಲ್ಲ' ಎಂದಾದರೆ ನಿಜವಾಗಿ ಇಷ್ಟ.

ಯಕ್ಷಗಾನ ನೋಡುವವರಿಗೆ ಇದು ಬೇಗ ತಿಳಿಯುತ್ತದೆ. ಮೆಚ್ಚಿನ ಭಾಗವತರು ಒಂದು ಮೇಳ ಬಿಟ್ಟು ಮುಂದಿನ ತಿರುಗಾಟಕ್ಕೆ ಇನ್ನೊಂದು ಮೇಳ ಸೇರಿದರೆ, ಅವರ ಪದ್ಯಕ್ಕಾಗಿ ಬರುತ್ತಿದ್ದವರು ಹೊಸ ಮೇಳದ ಆಟಕ್ಕೂ ಹೋಗುತ್ತಾರೆ. ಮೇಳದ ಮೇಲೆ ಭಕ್ತಿ ಇರುವವರು ಅಲ್ಲೇ ಉಳಿಯುತ್ತಾರೆ. ಗೇಮ್‌ಗಳಲ್ಲಿ ಮೊದಲಿನವರೇ ಜಾಸ್ತಿ. ಸೆಗಾ ಕಂಪನಿ 2001ರಲ್ಲಿ ಡ್ರೀಮ್‌ಕಾಸ್ಟ್ ನಿಲ್ಲಿಸಿ ಕನ್ಸೋಲ್ ಮಾಡುವುದನ್ನೇ ಬಿಟ್ಟಿತು. ಅದೇ ವರ್ಷದ ಕೊನೆಗೆ ಅದರ ಮುಖ್ಯ ಪಾತ್ರ ಸೋನಿಕ್ ಎಂಬ ಮುಳ್ಳುಹಂದಿ, ಎಷ್ಟೋ ವರ್ಷ ಎದುರಾಳಿಯಾಗಿದ್ದ ನಿಂಟೆಂಡೊದ ಯಂತ್ರಗಳಲ್ಲಿ ಓಡತೊಡಗಿತು. ಅಭಿಮಾನಿಗಳು ಜೊತೆಗೇ ಹೋದರು. ಅವರ ಪ್ರೀತಿ ಪೆಟ್ಟಿಗೆಯ ಮೇಲೆ ಇರಲಿಲ್ಲ, ಆ ನೀಲಿ ಮುಳ್ಳುಹಂದಿಯ ಮೇಲೆ ಇತ್ತು.

ಕಂಪನಿಗಳು ಇದನ್ನು ಮರೆತಾಗಲೆಲ್ಲ ಪೆಟ್ಟು ತಿಂದಿವೆ. ನಿಷ್ಠೆ ಅವರ ಆಸ್ತಿ ಅಲ್ಲ. ಅದು ಗೇಮ್‌ನದ್ದು, ಗೆಳೆಯರದ್ದು.

ಕಂಪನಿ ತಪ್ಪು ಮಾಡಿದ್ರೆ ನಾವು ಕೂಗಿ ಪ್ರಯೋಜನ ಉಂಟಾ? ಉಡುಪಿಯಲ್ಲಿ ಕೂತ ನಮ್ಮ ಮಾತು ಯಾರು ಕೇಳ್ತಾರೆ?

ಒಬ್ಬರದ್ದು ಕೇಳದಿರಬಹುದು. ಲಕ್ಷ ಜನ ಒಟ್ಟಿಗೆ ಹೇಳಿದರೆ ಕೇಳಲೇಬೇಕು. 'ಹೆಲ್‌ಡೈವರ್ಸ್ 2' 2024ರ ಫೆಬ್ರವರಿಯಲ್ಲಿ ಬಂತು, ಹನ್ನೆರಡು ವಾರದಲ್ಲಿ 1.2 ಕೋಟಿ ಪ್ರತಿ ಮಾರಾಟವಾಯಿತು. ಪಿಸಿಯಲ್ಲಿ ಆಡುವವರೂ ಪ್ಲೇಸ್ಟೇಷನ್ ಅಕೌಂಟ್ ಜೋಡಿಸಲೇಬೇಕು ಎಂದು ಮೇ ತಿಂಗಳಲ್ಲಿ ಸೋನಿ ಹೇಳಿತು. ಆ ಅಕೌಂಟ್ ತೆರೆಯಲು ಎಷ್ಟೋ ದೇಶಗಳಲ್ಲಿ ಅವಕಾಶವೇ ಇಲ್ಲ. ದುಡ್ಡು ಕೊಟ್ಟವರು ಹೊರಗೆ ಬೀಳುತ್ತಿದ್ದರು. ಭಾರತದವರಿಗೆ ಆ ತೊಂದರೆ ಇರಲಿಲ್ಲ, ನಮ್ಮಲ್ಲಿ ಅಕೌಂಟ್ ತೆರೆಯಬಹುದು. ಆದರೂ ಎಲ್ಲ ಕಡೆಯ ಆಟಗಾರರು ಒಟ್ಟಾದರು. ಸ್ಟೀಮ್‌ನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕೆಟ್ಟ ವಿಮರ್ಶೆ ಬಿತ್ತು. ಕೆಲವೇ ದಿನಗಳಲ್ಲಿ ಸೋನಿ ಹಿಂದೆ ಸರಿಯಿತು. ತನಗೆ ತೊಂದರೆ ಇಲ್ಲದಿದ್ದರೂ ಇನ್ನೊಬ್ಬ ಆಟಗಾರನಿಗಾಗಿ ನಿಂತದ್ದು ನನಗೆ ಬಹಳ ಇಷ್ಟವಾದ ವಿಷಯ.

ಕೂಗುವಾಗ ಒಂದು ಮಾತು ನೆನಪಿರಲಿ. ಸಿಟ್ಟು ನಿರ್ಧಾರದ ಮೇಲೆ ಇರಲಿ. ಗೇಮ್ ಮಾಡಿದ ಹುಡುಗ ಹುಡುಗಿಯರನ್ನು ಹೆಸರು ಹಿಡಿದು ಬೈಯುವುದು, ಬೆದರಿಸುವುದು ಯಾವತ್ತೂ ಸರಿಯಲ್ಲ.

ಶುರುವಿನಲ್ಲಿ ಹೆಸರು ಕೆಡಿಸಿಕೊಂಡ ಗೇಮ್ ಮತ್ತೆ ಮೇಲೆ ಬರಬಹುದಾ?

'ನೋ ಮ್ಯಾನ್ಸ್ ಸ್ಕೈ' ಬಂದಿದೆ. 2016ರಲ್ಲಿ ಹೇಳಿದ್ದೆಲ್ಲ ಅದರಲ್ಲಿ ಇರಲಿಲ್ಲ, ಜನ ಉಗಿದರು. ಮಾಡಿದ ಸಣ್ಣ ತಂಡ ಬಾಯಿ ಮುಚ್ಚಿ ಕೆಲಸ ಮಾಡಿತು. ವರ್ಷದಿಂದ ವರ್ಷಕ್ಕೆ ಹೊಸ ಭಾಗ ಸೇರಿಸಿತು, ಅದಕ್ಕೆ ದುಡ್ಡು ಕೇಳಲಿಲ್ಲ. ಈಗ ಅದನ್ನು ಹೊಗಳುವವರೇ ಹೆಚ್ಚು.

## ಇನ್ನೂ ಆಳಕ್ಕೆ

ಮೈಕ್ರೋಸಾಫ್ಟ್ ಅಷ್ಟು ದುಡ್ಡು ಸುರಿದು ಕಂಪನಿಗಳನ್ನೇ ಕೊಂಡಿತು. ಈಗ ತನ್ನ ಗೇಮ್‌ಗಳನ್ನು ಪ್ಲೇಸ್ಟೇಷನ್‌ಗೆ ಕೊಡ್ತಾ ಉಂಟು. ಇದರ ತಲೆಬುಡ ಎಂತ?

ಇದಕ್ಕೆ 2013ಕ್ಕೆ ಹೋಗಬೇಕು. ಆ ವರ್ಷ ಎಕ್ಸ್‌ಬಾಕ್ಸ್ ಒನ್ ತೋರಿಸುವಾಗ ಮೈಕ್ರೋಸಾಫ್ಟ್ ಎರಡು ಷರತ್ತು ಹಾಕಿತು: ದಿನಕ್ಕೊಮ್ಮೆಯಾದರೂ ಇಂಟರ್‌ನೆಟ್ ಬೇಕು, ಹಳೆಯ ಡಿಸ್ಕ್ ಕೊಡುವುದು ಕೊಳ್ಳುವುದಕ್ಕೆ ಕಟ್ಟುಪಾಡು ಇರುತ್ತದೆ. ಬೆಲೆ 499 ಡಾಲರ್. ಪ್ಲೇಸ್ಟೇಷನ್ 4ರ ಬೆಲೆ 399. ಗೆಳೆಯನಿಗೆ ಡಿಸ್ಕ್ ಕೊಡಬಹುದು ಎಂದು ಸೋನಿ ಸಾರಿತು. ಆಟಗಾರರ ಸಿಟ್ಟಿಗೆ ಮೈಕ್ರೋಸಾಫ್ಟ್ ಕೆಲವೇ ದಿನಗಳಲ್ಲಿ ಷರತ್ತು ಕೈಬಿಟ್ಟಿತು. ಆದರೆ ನಂಬಿಕೆ ಹೋಗಿತ್ತು. ಪ್ಲೇಸ್ಟೇಷನ್ 4 ಕೊನೆಗೆ 11.7 ಕೋಟಿ ದಾಟಿತು. ಎಕ್ಸ್‌ಬಾಕ್ಸ್ ಒನ್ ಅದರ ಅರ್ಧಕ್ಕೂ ಬರಲಿಲ್ಲ.

ಸೋತ ಹೊತ್ತೂ ಕೆಟ್ಟದ್ದು. ಜನ ಡಿಸ್ಕ್ ಬಿಟ್ಟು ಡಿಜಿಟಲ್ ಗೇಮ್ ಕೊಳ್ಳಲು ಶುರು ಮಾಡಿದ ಕಾಲ ಅದು. ಹಾಗೆ ಕೊಂಡ ಗೇಮ್‌ಗಳೆಲ್ಲ ಪ್ಲೇಸ್ಟೇಷನ್ ಅಕೌಂಟಿನಲ್ಲಿ ಕೂತವು. ಮುಂದಿನ ಕನ್ಸೋಲ್ ಕೊಳ್ಳುವಾಗ ಅದನ್ನು ಬಿಟ್ಟು ಬರುವವರು ಯಾರು? ಎಕ್ಸ್‌ಬಾಕ್ಸ್ ಮುಖ್ಯಸ್ಥರಾಗಿದ್ದ ಫಿಲ್ ಸ್ಪೆನ್ಸರ್ ಅವರೇ 2023ರಲ್ಲಿ ಒಂದು ಸಂದರ್ಶನದಲ್ಲಿ ಇದನ್ನು ಒಪ್ಪಿಕೊಂಡರು. ಒಳ್ಳೆಯ ಗೇಮ್ ಮಾಡಿದ ಮಾತ್ರಕ್ಕೆ ಜನ ಪ್ಲೇಸ್ಟೇಷನ್ ಮಾರಿ ಬರುವುದಿಲ್ಲ ಎಂಬ ಅರ್ಥದಲ್ಲಿ ಮಾತಾಡಿದರು.

ಕಂಪನಿಗಳನ್ನು ಕೊಳ್ಳುವ ದಾರಿಯೂ ಅದನ್ನು ಬದಲಿಸಲಿಲ್ಲ. ಬೆಥೆಸ್ಡಾ ಮತ್ತು ಅದರ ಮಾತೃ ಕಂಪನಿಗೆ 750 ಕೋಟಿ ಡಾಲರ್, 2023ರ ಅಕ್ಟೋಬರ್‌ನಲ್ಲಿ ಕೈಸೇರಿದ ಆ್ಯಕ್ಟಿವಿಷನ್ ಬ್ಲಿಝಾರ್ಡ್‌ಗೆ 6,870 ಕೋಟಿ ಡಾಲರ್. ಇಷ್ಟು ಕೊಟ್ಟ ಮೇಲೆ ಗೇಮ್ ಹೆಚ್ಚು ಜನಕ್ಕೆ ಮಾರಲೇಬೇಕು. 2024ರಲ್ಲಿ ನಾಲ್ಕು ಗೇಮ್ ಬೇರೆ ಕನ್ಸೋಲ್‌ಗಳಿಗೆ ಹೋದವು. 2025ರಲ್ಲಿ 'ಫೋರ್ಝಾ ಹೊರೈಝನ್ 5' ಪ್ಲೇಸ್ಟೇಷನ್ 5ಕ್ಕೆ ಬಂತು. 'ಹೇಲೋ' ಕೂಡ ಮುಂದೆ ಬರುತ್ತದೆ ಎಂದು ಅದೇ ವರ್ಷ ಸಾರಿದರು. ಎಕ್ಸ್‌ಬಾಕ್ಸನ್ನು ನಂಬಿ ಇಪ್ಪತ್ತು ವರ್ಷ ಉಳಿದವರಿಗೆ ನೋವಾದರೆ ತಪ್ಪಿಲ್ಲ. ಆದರೆ ಹೇಲೋ ಇನ್ನಷ್ಟು ಮನೆಗಳಿಗೆ ಹೋಗುವುದು ಗೇಮ್‌ಗೆ ಒಳ್ಳೆಯದು ಎಂದೇ ನನ್ನ ಅಭಿಪ್ರಾಯ. ಇದೇ ಮೈಕ್ರೋಸಾಫ್ಟ್ 2014ರಲ್ಲಿ ಮೈನ್‌ಕ್ರಾಫ್ಟ್ ಕೊಂಡಾಗ ಅದಕ್ಕೆ ಬೀಗ ಹಾಕಲಿಲ್ಲ. ಅದು 30 ಕೋಟಿ ಪ್ರತಿ ದಾಟಿತು.

ಹಾಗಾದ್ರೆ ಎಕ್ಸ್‌ಕ್ಲೂಸಿವ್ ಕಾಲ ಮುಗಿಯಿತಾ?

ನಿಂಟೆಂಡೊಗೆ ಮುಗಿದಿಲ್ಲ, ಬೇಗ ಮುಗಿಯುವ ಹಾಗೂ ಕಾಣುವುದಿಲ್ಲ. ಸೋನಿ ನಡುವೆ ನಿಂತಿದೆ. 2018ರ 'ಗಾಡ್ ಆಫ್ ವಾರ್' 2022ರಲ್ಲಿ ಪಿಸಿಗೆ ಬಂತು. ಮೊದಲು ಕನ್ಸೋಲ್, ವರ್ಷಗಳ ನಂತರ ಪಿಸಿ ಎನ್ನುವ ಲೆಕ್ಕ. ಬೇರೆ ಕಂಪನಿಗಳಿಗೆ ಒಂದೇ ಕಡೆ ಕಟ್ಟಿಕೊಳ್ಳುವುದು ಕಷ್ಟವಾಗಿದೆ, ಗೇಮ್ ಮಾಡುವ ಖರ್ಚು ಅಷ್ಟು ಏರಿದೆ. 'ಫೈನಲ್ ಫ್ಯಾಂಟಸಿ 16' 2023ರಲ್ಲಿ ಪ್ಲೇಸ್ಟೇಷನ್ 5ಕ್ಕೆ ಮಾತ್ರ ಬಂದಿತ್ತು. ಮರುವರ್ಷವೇ ಅದನ್ನು ಮಾಡಿದ ಸ್ಕ್ವೇರ್ ಎನಿಕ್ಸ್ ಇನ್ನು ಎಲ್ಲ ಕಡೆ ಗೇಮ್ ತರುತ್ತೇವೆ ಎಂದಿತು. 2018ರ ಸೆಪ್ಟೆಂಬರ್‌ನಲ್ಲಿ ಸೋನಿ ಫೋರ್ಟ್‌ನೈಟ್ ಗೇಮ್‌ಗೆ ಕ್ರಾಸ್‌ಪ್ಲೇ (ಬೇರೆ ಬೇರೆ ಕನ್ಸೋಲ್ ಇರುವವರು ಒಟ್ಟಿಗೆ ಆಡುವುದು) ಬಿಟ್ಟ ಮೇಲೆ, ಗೆಳೆಯನ ಬಳಿ ಇರುವ ಕನ್ಸೋಲೇ ನನಗೂ ಬೇಕು ಎನ್ನುವ ಒತ್ತಾಯ ಎಷ್ಟೋ ಗೇಮ್‌ಗಳಲ್ಲಿ ಸಡಿಲವಾಗಿದೆ.

ಸುರತ್ಕಲ್‌ನಲ್ಲಿ ಓದ್ತಾ ಇದ್ದೇನೆ. ನಾಲ್ಕು ಜನ ಸೇರಿ ಸಣ್ಣ ಗೇಮ್ ಮಾಡ್ತಿದ್ದೇವೆ. ಯಾರಾದ್ರೂ ಎಕ್ಸ್‌ಕ್ಲೂಸಿವ್ ಒಪ್ಪಂದ ಕೊಟ್ರೆ ಒಪ್ಪಬಹುದಾ?

ಒಪ್ಪಬಹುದು, ಕಣ್ಣು ಬಿಟ್ಟುಕೊಂಡು. ಪುಣೆಯ ನೋಡಿಂಗ್ ಹೆಡ್ಸ್ ಗೇಮ್ಸ್ ಮಾಡಿದ 'ರಾಜಿ' 2020ರ ಆಗಸ್ಟ್‌ನಲ್ಲಿ ಮೊದಲು ನಿಂಟೆಂಡೊ ಸ್ವಿಚ್‌ಗೆ ಮಾತ್ರ ಬಂತು. ಪಿಸಿ, ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ಗೆ ಅಕ್ಟೋಬರ್‌ನಲ್ಲಿ ಬಂತು. ಸಣ್ಣ ತಂಡದ ಗೇಮ್‌ಗೆ ಜಗತ್ತಿನ ಎದುರು ಒಂದು ವೇದಿಕೆ ಸಿಗುವುದು ಸಣ್ಣ ಮಾತಲ್ಲ. ಆದರೆ ನಮ್ಮ ದೇಶದ ಹೆಚ್ಚಿನ ಆಟಗಾರರು ಎರಡು ತಿಂಗಳು ಕಾಯಬೇಕಾಯಿತು. ಎರಡು ತಿಂಗಳು ನಡೆಯುತ್ತದೆ. ಎರಡು ವರ್ಷವಾದರೆ ನಿಮ್ಮ ಗೇಮ್‌ನ ಹೆಸರು ಮರೆತುಹೋಗುತ್ತದೆ.

ಅವಧಿ ಯಾವ ತಾರೀಕಿಗೆ ಮುಗಿಯುತ್ತದೆ ಎಂದು ಬರೆಸಿಕೊಳ್ಳಿ. ಮಾರಾಟ ಆಗಲಿ ಬಿಡಲಿ, ಇಂತಿಷ್ಟು ದುಡ್ಡು ಕೈಗೆ ಬರುತ್ತದೆ ಎಂಬ ಖಾತರಿ ಇರಲಿ. ಮುಂದಿನ ಭಾಗದ ಹಕ್ಕು, ಪಾತ್ರಗಳ ಹಕ್ಕು ಬಿಟ್ಟುಕೊಡಬೇಡಿ. ಕನ್ನಡ, ತುಳು ಆವೃತ್ತಿ ಮಾಡುವ ಆಸೆ ಇದ್ದರೆ ಅದನ್ನೂ ಸೇರಿಸಿ. ಈಗಾಗಲೇ ಯಾರಿಂದಾದರೂ ಮುಂಗಡ ಪಡೆದಿದ್ದರೆ ಅವರಿಗೆ ಕೊಟ್ಟ ಮಾತು ಮೊದಲು. 'ಮೆಟ್ರೋ'ಗೆ ಆದದ್ದು ನಿಮಗೆ ಬೇಡ.

ಯಾರೂ ಒಪ್ಪಂದ ಕೊಡದಿದ್ದರೆ ಚಿಂತೆ ಬೇಡ. ಸ್ಟೀಮ್‌ನಲ್ಲಿ ಒಂದು ಗೇಮ್ ಹಾಕಲು 100 ಡಾಲರ್ ಕಟ್ಟಬೇಕು, ಗೇಮ್ ಸಾವಿರ ಡಾಲರ್ ದುಡಿದ ಮೇಲೆ ಅದು ಮರಳಿ ಬರುತ್ತದೆ. ಪುಟವನ್ನು ಬಿಡುಗಡೆಗೆ ಬಹಳ ಮುಂಚೆಯೇ ತೆರೆಯಿರಿ. ಜನ ವಿಶ್‌ಲಿಸ್ಟ್‌ಗೆ (ಮುಂದೆ ಬೇಕಾದ ಗೇಮ್‌ಗಳ ಪಟ್ಟಿ) ಹಾಕಿಟ್ಟರೆ ಬಿಡುಗಡೆಯ ದಿನ ಅವರಿಗೆ ಸೂಚನೆ ಹೋಗುತ್ತದೆ. ಡೆಮೋ ಒಂದನ್ನು ಹಾಸ್ಟೆಲಿನವರ ಕೈಗೆ ಕೊಟ್ಟು ಪಕ್ಕದಲ್ಲಿ ಸುಮ್ಮನೆ ಕೂತು ನೋಡಿ. ಎಲ್ಲಿ ಆಡುವುದನ್ನು ನಿಲ್ಲಿಸುತ್ತಾರೋ ಅಲ್ಲಿಂದ ತಿದ್ದಲು ಶುರು ಮಾಡಿ.